ಬಾಲು ಯಾಕೆ ನಿಂತಿತು?

ಹೋದ ಸೋಮವಾರ ರಾತ್ರಿ ಮೈಸೂರಿಗೆ ಫೋನ್ ಮಾಡಿದಾಗ ಅಮ್ಮ, "ಯಾಕೋ ದನಿ ಒಂಥರಾ ಇದೆ, ಹುಷಾರಿಲ್ವಾ?" ಅಂದರು.

"ಏನಿಲ್ಲಮ್ಮ, ಮನು ರಿಟೈರ್ ಆದ."

"ಯಾವ ಮನು? ಹಿಂದಿನ ಬೀದಿ ಮನುನಾ? ಅವನಿಗೆ ಇನ್ನೂ ಮದುವೇನೇ ಆಗಿಲ್ವಲ್ಲೋ!"

ಈ ಮನು ಹಿಂದಿನ ಬೀದಿಯವನಲ್ಲ, ಅರ್ಜೆಂಟೀನಾದವನು ಅಂತ ವಿವರಿಸೋಕೆ ಐದು ನಿಮಿಷ ಬೇಕಾಯ್ತು. ಮನು ಜಿನೋಬಿಲಿ. ಸ್ಯಾನ್ ಆಂಟೋನಿಯೊ ಸ್ಪರ್ಸ್ ಬಾಸ್ಕೆಟ್‌ಬಾಲ್ ತಂಡದಲ್ಲಿ 16 ಸೀಸನ್ ಆಡಿ, 41ನೇ ವಯಸ್ಸಿನಲ್ಲಿ 2018ರ ಆಗಸ್ಟ್ 27ರಂದು ಸಾಕು ಅಂದ. ಅಮ್ಮ ಎಲ್ಲ ಕೇಳಿಸಿಕೊಂಡು, "ಅಷ್ಟು ವರ್ಷ ಒಂದೇ ಕಡೆ ಕೆಲಸ ಮಾಡಿದಾನಲ್ಲ, ಒಳ್ಳೇ ಹುಡುಗ ಬಿಡು" ಅಂದರು. ಮನುವಿನ ಬಗ್ಗೆ ಟೀವಿಯವರು ಗಂಟೆಗಟ್ಟಲೆ ಮಾತಾಡಿದ್ದನ್ನೆಲ್ಲ ಅಮ್ಮ ಒಂದು ಸಾಲಲ್ಲಿ ಮುಗಿಸಿಬಿಟ್ಟರು.

ನಿಜ ಹೇಳಬೇಕು ಅಂದರೆ, ನನ್ನ ದನಿ ಒಂಥರಾ ಆಗಿದ್ದಕ್ಕೆ ಮನು ಒಬ್ಬನೇ ಕಾರಣ ಅಲ್ಲ. ಅವನ ಜೊತೆ ಒಂದು ಆಡುವ ರೀತಿಯೂ ಪೂರ್ತಿ ಹೊರಟುಹೋಯ್ತಲ್ಲ ಅನ್ನೋ ಸಂಕಟ. ಅದು ಸೋಮವಾರ ಹೋಗಿದ್ದೂ ಅಲ್ಲ. ಮೂರ್ನಾಲ್ಕು ವರ್ಷದಿಂದ ಸ್ವಲ್ಪ ಸ್ವಲ್ಪವೇ ಹೋಗ್ತಿತ್ತು, ನಮಗೆ ಕಾಣಿಸಿರಲಿಲ್ಲ. ಯಾಕೆ ಕಾಣಿಸಲಿಲ್ಲ ಅನ್ನೋದನ್ನೇ ಇವತ್ತು ಬರೀಬೇಕು ಅಂತ ಕೂತಿದ್ದೇನೆ. ಯಾಕಂದ್ರೆ ಅದೇ ತಪ್ಪನ್ನ ನಾನೂ ಮಾಡಿದೀನಿ. ಸ್ಪರ್ಸ್ ತಂಡದಲ್ಲಲ್ಲ, ನಮ್ಮ ಭಾನುವಾರದ ತಂಡದಲ್ಲಿ.

ಕ್ರಿಕೆಟ್ ಮಾತ್ರ ಗೊತ್ತಿರೋರಿಗೆ ಎರಡು ಮಾತು. ಬಾಸ್ಕೆಟ್‌ಬಾಲಿನಲ್ಲಿ ಒಂದು ಕಡೆ ಐದು ಜನ. ಎನ್‌ಬಿಎನಲ್ಲಿ ಬಾಲು ಕೈಗೆ ಬಂದ ಮೇಲೆ 24 ಸೆಕೆಂಡಿನೊಳಗೆ ರಿಂಗಿನ ಕಡೆ ಎಸೀಬೇಕು. ಆ 24 ಸೆಕೆಂಡನ್ನ ಎರಡು ರೀತಿ ಕಳೀಬಹುದು. ಒಂದು, ಇರೋರಲ್ಲಿ ಚೆನ್ನಾಗಿ ಆಡೋನಿಗೆ ಬಾಲು ಕೊಟ್ಟು ಉಳಿದ ನಾಲ್ಕು ಜನ ಪಕ್ಕಕ್ಕೆ ಸರಿದು ನಿಲ್ಲೋದು. ಅವನು ಎದುರಾಳಿಯ ಜೊತೆ ಒಬ್ಬನೇ ಗುದ್ದಾಡಿ ಶಾಟ್ ಹೊಡೀತಾನೆ. ಇನ್ನೊಂದು, ಯಾರ ಹತ್ರಾನೂ ಬಾಲು ನಿಲ್ಲದ ಹಾಗೆ ಪಾಸ್ ಮಾಡ್ತಾ ಹೋಗೋದು. ಯಾವನೋ ಒಬ್ಬನ ಎದುರಿಗೆ ಯಾರೂ ಇಲ್ಲದ ಗಳಿಗೆ ಬಂದೇ ಬರುತ್ತೆ, ಅವನು ಆರಾಮಾಗಿ ಹೊಡೀತಾನೆ.

ಮೈಸೂರಿನ ನಮ್ಮ ಹೈಸ್ಕೂಲಿನ ಸಿಮೆಂಟ್ ಕೋರ್ಟಿನಲ್ಲಿ ಪಿಟಿ ಮೇಷ್ಟ್ರು ಮೊದಲ ಹದಿನೈದು ನಿಮಿಷ ಡ್ರಿಬಲ್ ಮಾಡೋಕೇ ಬಿಡ್ತಿರಲಿಲ್ಲ. ಬಾಲು ನೆಲಕ್ಕೆ ತಟ್ಟಿದರೆ ಕೋರ್ಟಿಗೆ ಒಂದು ಸುತ್ತು ಓಟ. ಪಾಸ್ ಮಾತ್ರ. ಯಾರಾದರೂ ಬಾಲು ಹಿಡ್ಕೊಂಡು ಯೋಚನೆ ಮಾಡ್ತಾ ನಿಂತರೆ ದೂರದಿಂದಲೇ ಕೂಗೋರು: "ಬಾಲು ನಿಮ್ಮಪ್ಪಂದಲ್ಲ ಕಣೋ, ಕೊಡೋ!" ಕೊಟ್ಟ ಮೇಲೆ ನಿಂತರೆ ಇನ್ನೂ ಜೋರಾಗಿ, "ಕೊಟ್ಟಾಯ್ತಲ್ಲ, ಓಡೋ!" ಈ ಎರಡನೇ ಬೈಗುಳದ ಬೆಲೆ ನನಗೆ ಗೊತ್ತಾಗಿದ್ದು ಇಪ್ಪತ್ತೈದು ವರ್ಷ ಆದ ಮೇಲೆ.

ನಾನಿರೋದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಸ್ಯಾನ್ ಆಂಟೋನಿಯೊ ಇಲ್ಲಿಂದ ಹೆಚ್ಚುಕಮ್ಮಿ ಬೆಂಗಳೂರು-ಮೈಸೂರಿನಷ್ಟೇ ದೂರ. ಹಾಗಾಗಿ ಸ್ಪರ್ಸ್ ನಮ್ಮ ತಂಡವೇ. 2011ರಿಂದ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ, ಬಿಸಿಲೇರೋ ಮೊದಲು, ಮನೆ ಹತ್ತಿರದ ಪಾರ್ಕಿನಲ್ಲಿ ನಾವು ಎಂಟೊಂಬತ್ತು ಜನ ಆಡ್ತೀವಿ. ಹೆಚ್ಚಿನವರು ಕನ್ನಡದವರು, ಇಬ್ಬರು ತೆಲುಗಿನವರು, ಒಬ್ಬ ಮೆಕ್ಸಿಕೋದವನು. ನಲವತ್ತರ ಆಸುಪಾಸಿನವರು, ಮಂಡಿಗೆ ಪಟ್ಟಿ ಕಟ್ಟಿಕೊಂಡು ಬರೋರು. ಶಿರಸಿ ಕಡೆಯ ಒಬ್ಬರಿದ್ದರು, ಎಲ್ಲರೂ ಅವರನ್ನ "ಭಟ್ರೇ" ಅಂತಲೇ ಕರೀತಿದ್ವಿ. ಸಣ್ಣ ಹೊಟ್ಟೆ, ನಿಧಾನ ಓಟ, ಜಿಗಿದರೆ ಕಾಲ ಕೆಳಗೆ ಒಂದು ದಿನಪತ್ರಿಕೆ ತೂರಿಸಬಹುದು ಅಷ್ಟೇ. ಆದರೆ ಪಾಸ್ ಮಾಡೋದು ಅಂದ್ರೆ ಭಟ್ರೇ. ನೀವು ಎಲ್ಲಿಗೆ ಓಡಬೇಕು ಅಂತ ನಿಮಗೇ ಗೊತ್ತಾಗೋ ಮೊದಲು ಬಾಲು ಅಲ್ಲಿ ಕಾಯ್ತಿರೋದು. ಆಟ ಮುಗಿದ ಮೇಲೆ ಅವರ ಕಾರಿನ ಡಿಕ್ಕಿಯಿಂದ ಫ್ಲಾಸ್ಕ್ ಬರೋದು. ಫಿಲ್ಟರ್ ಕಾಫಿ, ಪೇಪರ್ ಲೋಟ, ಒಂದು ಗಂಟೆ ಹರಟೆ.

2013ರ ಫೈನಲ್ ನೋಡಿದ್ದು ಭಟ್ರ ಮನೆಯಲ್ಲೇ. ಏಳು ಪಂದ್ಯಗಳ ಸರಣಿಯಲ್ಲಿ ಸ್ಪರ್ಸ್ 3-2ರಿಂದ ಮುಂದಿತ್ತು. ಆರನೇ ಪಂದ್ಯದಲ್ಲಿ ಇನ್ನು ಅರ್ಧ ನಿಮಿಷವೂ ಇಲ್ಲ, ಐದು ಪಾಯಿಂಟ್ ಮುಂದೆ. ಕಪ್ ಬಂತು ಅಂತ ಎದ್ದು ನಿಂತಿದ್ವಿ. 5.2 ಸೆಕೆಂಡ್ ಉಳಿದಿರುವಾಗ ಮಯಾಮಿ ಹೀಟ್ ತಂಡದ ರೇ ಆಲೆನ್ ಮೂಲೆಗೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ಥ್ರೀ ಪಾಯಿಂಟರ್ ಹೊಡೆದ. ಪಂದ್ಯ ಸಮ ಆಯ್ತು, ಹೆಚ್ಚುವರಿ ಸಮಯದಲ್ಲಿ ಸೋತಿತು, ಏಳನೇ ಪಂದ್ಯವನ್ನೂ ಸೋತಿತು. ಆ ರಾತ್ರಿ ಭಟ್ರು ಕಾಫಿ ಕೂಡ ಕೊಡಲಿಲ್ಲ.

ಇಂಥಾ ಸೋಲು ಬಂದ ಮನೆಯಲ್ಲಿ ಜಗಳ ಆಗಬೇಕಿತ್ತು. ಆಗಲಿಲ್ಲ. ಅದೇ ಜನ ಮುಂದಿನ ವರ್ಷ ತಿರುಗಿ ಬಂದರು, 62 ಪಂದ್ಯ ಗೆದ್ದರು, ಫೈನಲ್‌ನಲ್ಲಿ ಮತ್ತೆ ಅದೇ ಮಯಾಮಿ. ಈ ಸಲ 4-1. ಮಯಾಮಿಯಲ್ಲೇ ನಡೆದ ಮೂರನೇ ಪಂದ್ಯದ ಮೊದಲರ್ಧದಲ್ಲಿ ಸ್ಪರ್ಸ್ ಎಸೆದ ಶಾಟ್‌ಗಳಲ್ಲಿ 75.8 ಶೇಕಡಾ ರಿಂಗಿನೊಳಗೆ ಬಿದ್ದವು. ಫೈನಲ್‌ನಲ್ಲಿ ಅದು ದಾಖಲೆ. ಎನ್‌ಬಿಎನಲ್ಲಿ ಅರ್ಧ ಬಿದ್ದರೇ ಭರ್ಜರಿ ಆಟ ಅಂತ ಲೆಕ್ಕ.

ಹೇಗೆ ಬಿದ್ದವು? ಅದೇನು ಮಂತ್ರ ಅಲ್ಲ. ಬಾಲು ಕೈಗೆ ಬಂದ ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು ಅನ್ನೋದು ಅವರ ನಿಯಮ: ಹೊಡಿ, ಇಲ್ಲಾ ನುಗ್ಗು, ಇಲ್ಲಾ ಕೊಡು. ಹಿಡ್ಕೊಂಡು ನಿಲ್ಲಬೇಡ. ಕೋಚ್ ಗ್ರೆಗ್ ಪೊಪೊವಿಚ್ ಹೇಳಿಕೊಟ್ಟ ಇನ್ನೊಂದು ಪಾಠ, ನಿನಗೆ ಒಳ್ಳೇ ಶಾಟ್ ಇದ್ದರೂ ಪಕ್ಕದವನಿಗೆ ಇನ್ನೂ ಒಳ್ಳೇ ಶಾಟ್ ಇದ್ದರೆ ಅವನಿಗೆ ಕೊಡು ಅನ್ನೋದು. ಪಾರ್ಕರ್ ನುಗ್ಗಿ ಹೊರಗೆ ಎಸೀತಾನೆ, ಡಿಯಾವ್ ಹಿಡಿದ ಹಾಗೆ ಮಾಡಿ ಮೂಲೆಗೆ ತಳ್ತಾನೆ, ಮೂಲೆಯಲ್ಲಿರೋ ಗ್ರೀನ್ ಹೊಡೀಬಹುದು, ಆದರೂ ಇನ್ನೊಂದು ಪಾಸ್. ಎದುರಾಳಿಗಳು ಬಾಲಿನ ಹಿಂದೆ ಓಡಿ ಓಡಿ ಸುಸ್ತು. ಬಾಲಿಗೆ ಮಾತ್ರ ಸುಸ್ತಾಗಲ್ಲ.

ನಮ್ಮ ಕಡೆ ಮದುವೆ ಊಟದಲ್ಲಿ ಪಳಗಿದವರು ಬಡಿಸೋದನ್ನ ನೋಡಿದೀರಲ್ಲ? ಒಬ್ಬ ಪಲ್ಯ ಬಡಿಸಿ ಮುಂದೆ ಹೋದ ತಕ್ಷಣ ಅನ್ನದವನು, ಅವನ ಹಿಂದೆಯೇ ಸಾರಿನ ಬಕೆಟ್. ಯಾರೂ ಯಾರನ್ನೂ ಕೂಗಲ್ಲ. ಎಲೆ ಖಾಲಿ ಇರಲ್ಲ, ಕೈ ಖಾಲಿ ಇರಲ್ಲ. ಅದರಲ್ಲಿ ಒಬ್ಬ ಬೀಗರ ಮುಂದೆ ಬಕೆಟ್ ಹಿಡ್ಕೊಂಡು ಉಪಚಾರಕ್ಕೆ ನಿಂತುಬಿಟ್ಟ ಅಂತಿಟ್ಕೊಳ್ಳಿ, ಇಡೀ ಪಂಕ್ತಿ ನಿಲ್ಲುತ್ತೆ.

ಫೈನಲ್‌ನಲ್ಲಿ ನಮ್ಮೆಲ್ಲರ ಕಣ್ಣು ಬೋರಿಸ್ ಡಿಯಾವ್ ಮೇಲೆ. ಫ್ರಾನ್ಸಿನವನು, ದುಂಡಗಿನ ಮೈ, ನಿಧಾನ. 2012ರಲ್ಲಿ ಹಿಂದಿನ ತಂಡ ಬೇಡ ಅಂತ ಬಿಟ್ಟಿದ್ದ ಆಸಾಮಿ. ಮೂರನೇ ಪಂದ್ಯದಿಂದ ಅವನನ್ನ ಮೊದಲ ಐವರಲ್ಲಿ ಆಡಿಸಿದರು. ನಾಲ್ಕನೇ ಪಂದ್ಯದಲ್ಲಿ ಅವನು ಹೊಡೆದಿದ್ದು ಬರೀ 8 ಪಾಯಿಂಟು, ಆದರೆ ಬೇರೆಯವರಿಂದ ಹೊಡೆಸಿದ ಪಾಸ್‌ಗಳು ಒಂಬತ್ತು. ಕಾಫಿ ಹುಚ್ಚು ಬೇರೆ. ಲಾಕರ್‌ನಲ್ಲೇ ಎಸ್ಪ್ರೆಸೊ ಯಂತ್ರ ಇಟ್ಟುಕೊಂಡಿದ್ದನಂತೆ. "ಭಟ್ರೇ, ಇವನು ನೀವೇ ಕಣ್ರೀ" ಅಂತ ನಾವು ಕೂಗಿದರೆ ಭಟ್ರು ನಾಚಿಕೊಂಡು, "ಹೊಟ್ಟೆ ಒಂದೇ ಸಮ ಮಾರಾಯ, ಉಳಿದಿದ್ದೆಲ್ಲ ಬೇರೆ" ಅಂದರು. ಒಳಗೊಳಗೇ ಖುಷಿಯಾಗಿತ್ತು.

ಆದರೆ ಇಂಥಾ ಆಟಕ್ಕೆ ಒಂದು ಬೆಲೆ ಇದೆ. ಎಲ್ಲರೂ ಏನಾದರೂ ಬಿಟ್ಟುಕೊಡಬೇಕು. ಮನು ಬೇರೆ ಯಾವುದೇ ತಂಡದಲ್ಲಿ ಮೊದಲ ಐವರಲ್ಲಿ ಇರಬೇಕಾದವನು, ಇಲ್ಲಿ ಹೆಚ್ಚಿನ ವರ್ಷ ಬೆಂಚಿನಿಂದ ಎದ್ದು ಬಂದು ಆಡಿದ. ಟಿಮ್ ಡಂಕನ್ 2012ರಲ್ಲಿ ಹೊಸ ಕರಾರು ಮಾಡಿಕೊಂಡಾಗ ತನ್ನ ಸಂಬಳವನ್ನ ಅರ್ಧಕ್ಕಿಂತ ಕಮ್ಮಿಗೆ ಇಳಿಸಿಕೊಂಡ. 2013-14ರ ಸೀಸನ್ನಿನಲ್ಲಿ ತಂಡದ ಒಬ್ಬನೂ ಪಂದ್ಯಕ್ಕೆ ಸರಾಸರಿ 30 ನಿಮಿಷ ಆಡಲಿಲ್ಲ. ಅತಿ ಹೆಚ್ಚು ಹೊಡೆದ ಟೋನಿ ಪಾರ್ಕರ್‌ನ ಸರಾಸರಿ 17 ಪಾಯಿಂಟನ್ನೂ ಮುಟ್ಟಲಿಲ್ಲ. ಚಾಂಪಿಯನ್ ತಂಡದ ಲೆಕ್ಕಪುಸ್ತಕದಲ್ಲಿ ಇಷ್ಟು ಸಣ್ಣ ಸಣ್ಣ ಅಂಕಿಗಳು! ದೊಡ್ಡದಾಗಿದ್ದಿದ್ದು ಮೊತ್ತ ಮಾತ್ರ.

ಇನ್ನು ಇಳಿತದ ಕಥೆ. ಇದರಲ್ಲಿ ವಿಲನ್ ಯಾರೂ ಇಲ್ಲ, ಅದೇ ಕಷ್ಟ.

2014ರ ಫೈನಲ್‌ನ ಶ್ರೇಷ್ಠ ಆಟಗಾರ ಕವಾಯ್ ಲೆನರ್ಡ್, ಆಗಿನ್ನೂ 22 ವರ್ಷ. ಆ ಸೀಸನ್ನಿನಲ್ಲಿ ಅವನ ಸರಾಸರಿ 13 ಪಾಯಿಂಟಿನ ಹತ್ತಿರ. ಹುಡುಗ ಬೆಳೀತಾ ಹೋದ. ಮೂರು ವರ್ಷದಲ್ಲಿ ಅದು 25 ದಾಟಿತು. ಅಷ್ಟು ಚೆನ್ನಾಗಿ ಆಡೋನಿಗೆ ಬಾಲು ಕೊಡದೆ ಇರೋಕಾಗುತ್ತಾ? 2015ರ ಬೇಸಿಗೆಯಲ್ಲಿ ಲಮಾರ್ಕಸ್ ಆಲ್ಡ್ರಿಜ್ ಬಂದ. ರಿಂಗಿಗೆ ಬೆನ್ನು ಹಾಕಿ ನಿಂತು, ಬಾಲು ಇಸ್ಕೊಂಡು, ಭುಜ ಅಲ್ಲಾಡಿಸಿ, ತಿರುಗಿ ಹೊಡೆಯೋದರಲ್ಲಿ ನಿಪುಣ. ಅವನಿಗೂ ಬಾಲು ಕೊಡಲೇಬೇಕು. ಅವನು ಇಸ್ಕೊಂಡ ಮೇಲೆ ಉಳಿದವರು ಕಾಯಬೇಕು.

2015-16ರಲ್ಲಿ ಸ್ಪರ್ಸ್ 67 ಪಂದ್ಯ ಗೆದ್ದಿತು, ತಂಡದ ಇತಿಹಾಸದಲ್ಲೇ ಅತಿ ಹೆಚ್ಚು. ಲೀಗ್ ಹಂತದಲ್ಲಿ ತವರಿನ 41 ಪಂದ್ಯಗಳಲ್ಲಿ ಸೋತಿದ್ದು ಒಂದೇ ಒಂದು. ಇಂಥ ವರ್ಷದಲ್ಲಿ "ಬಾಲು ಮುಂಚಿನ ಹಾಗೆ ಓಡಾಡ್ತಿಲ್ಲ" ಅಂತ ಯಾರಾದರೂ ಅಂದರೆ ಕೇಳೋರು ಯಾರು? ಭಟ್ರು ಒಬ್ಬರು ಅಂದಿದ್ದರು. "ಗೆಲ್ತಾ ಇದ್ರು ಹೌದು. ಆದ್ರೆ ನೋಡ್ಲಿಕ್ಕೆ ಎಂತದೋ ಕಮ್ಮಿ ಆಯ್ತು." ನಾವು ನಕ್ಕಿದ್ವಿ. ಗೆಲ್ಲೋ ತಂಡದಲ್ಲಿ ಕೊಂಕು ಹುಡುಕೋದು ಹವ್ಯಕರ ಹುಟ್ಟುಗುಣ ಅಂತ ಯಾರೋ ಹಾಸ್ಯ ಕೂಡ ಮಾಡಿದ ನೆನಪು.

ಪ್ಲೇಆಫ್ ಎರಡನೇ ಸುತ್ತು, ಎದುರಿಗೆ ಓಕ್ಲಹೋಮ ಸಿಟಿ ಥಂಡರ್. ಮೊದಲ ಪಂದ್ಯದಲ್ಲಿ ಸ್ಪರ್ಸ್ 124-92ರಿಂದ ಚಚ್ಚಿ ಹಾಕಿತು. ಎರಡನೇ ಪಂದ್ಯದಲ್ಲಿ ಆಲ್ಡ್ರಿಜ್ ಒಬ್ಬನೇ 41 ಪಾಯಿಂಟ್ ಹೊಡೆದ. ತಂಡ 97-98ರಿಂದ ಸೋತಿತು. ನನಗೆ ಆವತ್ತಿನ ಆಲ್ಡ್ರಿಜ್ ಶಾಟ್‌ಗಳಿಗಿಂತ ಚೆನ್ನಾಗಿ ನೆನಪಿರೋದು ಉಳಿದ ನಾಲ್ವರ ಕೈಗಳು. ಸೊಂಟದ ಮೇಲಿದ್ದವು. ಆಮೇಲೆ ಅವರು ಗೆದ್ದಿದ್ದು ಒಂದೇ ಪಂದ್ಯ. ಆರನೇ ಪಂದ್ಯಕ್ಕೆ ಮನೆಗೆ. ಎರಡು ತಿಂಗಳಲ್ಲಿ ಡಂಕನ್ ಸದ್ದಿಲ್ಲದೆ ನಿವೃತ್ತನಾದ. ಮುಂದಿನ ಕಥೆ ಬೇಗ ಮುಗಿಯುತ್ತೆ. 2017-18ರ ಸೀಸನ್ನಿನಲ್ಲಿ ಗಾಯದಿಂದಾಗಿ ಕವಾಯ್ ಆಡಿದ್ದು 9 ಪಂದ್ಯ. 2018ರ ಜುಲೈನಲ್ಲಿ ಪಾರ್ಕರ್ ಶಾರ್ಲಟ್‌ಗೆ ಹೋದ, ಕವಾಯ್ ಮತ್ತು ಗ್ರೀನ್ ಟೊರಾಂಟೊಗೆ. ಆಮೇಲೆ ಮನು.

ಇದಕ್ಕೆಲ್ಲ ಬೇರೆ ಕಾರಣಗಳೂ ಇವೆ, ಒಪ್ಪೋಣ. ಡಂಕನ್‌ಗೆ 40 ತುಂಬಿತ್ತು, ಪಾರ್ಕರ್ ಕಾಲು ಸೋತಿತ್ತು. ಸ್ಪರ್ಸ್ ಆಟವನ್ನ ಬೇರೆಯವರೂ ಕಲಿತರು. 2015ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವನ್ನ ಗೆಲ್ಲಿಸಿದ ಕೋಚ್ ಸ್ಟೀವ್ ಕರ್, ಪೊಪೊವಿಚ್ ಕೈಕೆಳಗೆ ಆಡಿದವನೇ. ಒಬ್ಬನೇ ನುಗ್ಗಿ ಹೊಡೆಯೋದು ಪಾಪವೂ ಅಲ್ಲ. ಪಾಸ್‌ಗೆ ದಾರಿ ಇಲ್ಲದಾಗ, ಕೊನೇ ಸೆಕೆಂಡುಗಳಲ್ಲಿ ಅಂಥವನು ಬೇಕೇ ಬೇಕು. ಕವಾಯ್ ಸ್ವಾರ್ಥಿ ಆಗಿ ಬಾಲು ಹಿಡ್ಕೊಂಡ ಅಂತ ನಾನಂತೂ ಹೇಳಲ್ಲ.

ಹಾಗಾದರೆ ಬಾಲು ಯಾಕೆ ನಿಂತಿತು? ಉತ್ತರ ಸಿಕ್ಕಿದ್ದು ನಮ್ಮ ಪಾರ್ಕಿನಲ್ಲಿ.

ಹೋದ ವರ್ಷ ಆಗಸ್ಟ್‌ನಲ್ಲಿ ನಮ್ಮ ಗುಂಪಿಗೆ ದಾವಣಗೆರೆಯ ಒಬ್ಬ ಹುಡುಗ ಸೇರಿದ. ಎಂಎಸ್ ಓದೋಕೆ ಬಂದವನು, 23 ವರ್ಷ, ಕಾಲೇಜು ತಂಡದಲ್ಲಿ ಆಡಿದವನು. ಆರಡಿ ಎತ್ತರ. ಅವನು ಜಿಗಿದರೆ ನಾವು ಕೆಳಗೆ ನಿಂತು ಫೋಟೊ ತೆಗೀಬಹುದು. ಬಂದ ಮೊದಲ ದಿನವೇ ಪಕ್ಕದ ಅಪಾರ್ಟ್‌ಮೆಂಟಿನ ಹುಡುಗರನ್ನ ಸೋಲಿಸಿದ್ವಿ. ಆರು ವರ್ಷದಲ್ಲಿ ಅವರನ್ನ ಸೋಲಿಸಿದ್ದು ಅದೇ ಮೊದಲು. ನಮಗೆಲ್ಲ ಏನು ಹುರುಪು! ಅವತ್ತಿಂದ ಬಾಲು ಸಿಕ್ಕಿದ್ರೆ ಸಾಕು, "ತಗೋ ಮಗಾ" ಅಂತ ಅವನಿಗೆ. ಅವನು ಹೊಡೀತಿದ್ದ, ನಾವು ಚಪ್ಪಾಳೆ ತಟ್ಟುತಿದ್ವಿ. ಗೆಲ್ತಿದ್ವಿ.

ಸಂಕ್ರಾಂತಿ ಹೊತ್ತಿಗೆ ಭಟ್ರು ಒಂದು ವಾರ ಬಿಟ್ಟು ಒಂದು ವಾರ ಬರೋಕೆ ಶುರುಮಾಡಿದರು. ಮಂಡಿ ನೋವು ಅಂದರು. ಯುಗಾದಿ ಆದ ಮೇಲೆ ಪೂರ್ತಿ ನಿಂತರು. ಒಂದು ಮೆಸೇಜ್ ಹಾಕಿದೆ, "ಮಂಡಿ ಹೇಗಿದೆ ಭಟ್ರೇ?" "ಆರಾಮ" ಅಂತ ಬಂತು. ನಾನೂ ಬಿಟ್ಟೆ. ಫ್ಲಾಸ್ಕ್ ಇಲ್ಲ, ಹರಟೆಯೂ ಇಲ್ಲ, ಆಟ ಮುಗಿದ ಐದು ನಿಮಿಷಕ್ಕೆ ಕಾರುಗಳು ಖಾಲಿ. ಜೂನ್‌ನಲ್ಲಿ ಅವರ ಮನೆ ಮುಂದೆ ಹಾದುಹೋಗುವಾಗ ನೋಡಿದರೆ ಬಾಗಿಲಲ್ಲಿ ಬೇರೆ ಯಾರದೋ ಮಕ್ಕಳ ಸೈಕಲ್. ಕೆಲಸ ಹೋಗಿತ್ತು. ವೀಸಾದ ಮೇಲೆ ಇರೋರಿಗೆ ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳೋಕೆ ಸಿಗೋದು 60 ದಿನ. ಸಿಗಲಿಲ್ಲ. ಸಂಸಾರ ಸಮೇತ ಊರಿಗೆ ಹೊರಟುಹೋಗಿದ್ದರು.

ಆ 60 ದಿನದಲ್ಲಿ ಎಂಟು ಭಾನುವಾರ ಬಂದುಹೋಗಿತ್ತು. ನಮ್ಮ ಗುಂಪಿನ ಮೂವರು ತಮ್ಮ ತಮ್ಮ ಕಂಪನಿಯಲ್ಲಿ ಜನ ತಗೊಳ್ಳೋ ಜಾಗದಲ್ಲಿರೋರು. ಕಾಫಿ ಕುಡೀತಾ ಒಂದು ಮಾತು ಬಂದಿದ್ದರೆ ಸಾಕಿತ್ತು.

ಶಿರಸಿಗೆ ಫೋನ್ ಮಾಡಿದೆ. ಸಿಟ್ಟು ಮಾಡ್ತಾರೆ ಅಂದ್ಕೊಂಡಿದ್ದೆ. ಮಾಡಲಿಲ್ಲ. ಮಳೆ ಬಗ್ಗೆ, ತೋಟದ ಬಗ್ಗೆ ಹೇಳಿದರು. "ಒಂದ್ ಮಾತು ಹೇಳ್ಬೇಕಿತ್ತು ಭಟ್ರೇ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಿ ಹೇಳ್ಲಿ ಮಾರಾಯ? ಆಡ್ಲಿಕ್ಕೆ ಬಂದ್ರೆ ಬಾಲ್ ಬರ್ತಿರ್ಲಿಲ್ಲ. ನಾಲ್ಕು ಸಲ ಓಡ್ದೆ, ಐದನೇ ಸಲ ಮನಸಾಗ್ಲಿಲ್ಲ. ಬಾಲೇ ಬರದ ಜಾಗಕ್ಕೆ ಕಷ್ಟ ಹೇಳ್ಕೊಳ್ಳಿಕ್ಕೆ ಬರೋದು ಹೆಂಗೆ?" ಅಂದರು.

ಫೋನ್ ಇಟ್ಟ ಮೇಲೆ ಬಂದ ಮೊದಲ ಯೋಚನೆ, ಎಲ್ಲ ಆ ಹುಡುಗನಿಂದಾಗಿದ್ದು ಅಂತ. ಮನುಷ್ಯ ತನ್ನ ತಪ್ಪಿಗೆ ಎಷ್ಟು ಬೇಗ ಬೇರೆ ವಿಳಾಸ ಬರೀತಾನೆ ನೋಡಿ. ಮುಂದಿನ ಭಾನುವಾರ ಸ್ವಲ್ಪ ಬಿರುಸಾಗಿಯೇ ಕೇಳಿದೆ, "ಅಲ್ಲಪ್ಪಾ, ಬೇರೆಯವರಿಗೂ ಒಂದಿಷ್ಟು ಪಾಸ್ ಕೊಡಬಾರ್ದಾ?" ಹುಡುಗ ಮುಖ ಸಣ್ಣಗೆ ಮಾಡ್ಕೊಂಡ. "ಅಣ್ಣಾ, ಬೇಜಾರು ಮಾಡ್ಕೋಬ್ಯಾಡ್ರಿ. ನೀವೆಲ್ಲ ನಿಂತ್ಕೊಂಡು ನೋಡ್ತಿದ್ರೆ ನಾನ್ ಯಾರಿಗ್ ಕೊಡ್ಲಿ?"

ಆ ಹುಡುಗ ಬಾಲು ಕಿತ್ಕೊಂಡಿರಲಿಲ್ಲ. ನಾವೇ ಕೊಟ್ಟಿದ್ವಿ, ಕೊಟ್ಟು ನಿಂತಿದ್ವಿ. "ಕೊಟ್ಟಾಯ್ತಲ್ಲ, ಓಡೋ" ಅಂತ ಮೇಷ್ಟ್ರು ಬೈತಿದ್ದಿದ್ದು ಇದಕ್ಕೇ. ಬಾಲು ನಿಲ್ಲೋದು ಅದು ಇರೋನ ಕೈಯಿಂದ ಶುರುವಾಗಲ್ಲ, ಇಲ್ಲದಿರೋರ ಕಾಲಿಂದ ಶುರುವಾಗುತ್ತೆ. ಒಬ್ಬ ಚೆನ್ನಾಗಿ ಆಡ್ತಾನೆ ಅಂತ ಗೌರವದಿಂದಲೇ ಪಕ್ಕಕ್ಕೆ ನಿಲ್ತೀವಿ. ನಿಂತವನಿಗೆ ಪಾಸ್ ಬರಲ್ಲ. ಪಾಸ್ ಬರಲ್ಲ ಅಂತ ಗೊತ್ತಾದವನು ಓಡಲ್ಲ. ಈ ಗಾಣಕ್ಕೆ ಒಂದು ಸಲ ಸಿಕ್ಕಿದ ತಂಡ ಗೆಲ್ತಾನೂ ಇರಬಹುದು, ಅದಕ್ಕೇ ಯಾರಿಗೂ ಗೊತ್ತಾಗಲ್ಲ.

ನಮ್ಮ ಅಜ್ಜನ ಊರಿನಲ್ಲಿ ಮುಯ್ಯಾಳು ಅಂತ ಇತ್ತು. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಯಾರೋ ಒಬ್ಬರು ಟ್ರ್ಯಾಕ್ಟರ್ ತಂದರು. ಒಳ್ಳೇದೇ ಆಯ್ತು, ಕೆಲಸ ಬೇಗ ಆಯ್ತು. ನಾಲ್ಕೈದು ವರ್ಷ ಕಳೆದ ಮೇಲೆ, ಟ್ರ್ಯಾಕ್ಟರ್ ಕೆಟ್ಟು ನಿಂತ ಒಂದು ದಿನ, ಕರೆದರೆ ಬರೋ ಆಳು ಊರಲ್ಲಿ ಯಾರೂ ಇರಲಿಲ್ಲ ಅಂತ ಅಜ್ಜ ಹೇಳ್ತಿದ್ದರು. ಟ್ರ್ಯಾಕ್ಟರ್ ಮೇಲೆ ಅವರಿಗೇನೂ ಸಿಟ್ಟಿರಲಿಲ್ಲ. ಮುಯ್ಯಿ ಮರೆತಿದ್ದು ನಾವು ಅನ್ನೋರು.

2018ರ ಅಕ್ಟೋಬರ್‌ನಲ್ಲಿ ಹೊಸ ಸೀಸನ್ ಶುರುವಾಗೋದಿತ್ತು. ಕವಾಯ್ ಬದಲಿಗೆ ಟೊರಾಂಟೊದಿಂದ ಡಿಮಾರ್ ಡಿರೋಜನ್ ಬಂದಿದ್ದ. ಒಬ್ಬನೇ ನುಗ್ಗಿ ಹೊಡೆಯೋದರಲ್ಲಿ ಅವನೂ ಪಂಟನೇ. ಸ್ಪರ್ಸ್ ಗೆಲ್ಲುತ್ತೋ ಸೋಲುತ್ತೋ ಗೊತ್ತಿರಲಿಲ್ಲ. ನಾನು ಆ ಸಲ ಬಾಲು ಇರೋನನ್ನ ಬಿಟ್ಟು ಉಳಿದ ನಾಲ್ವರನ್ನ ನೋಡ್ತೀನಿ ಅಂದ್ಕೊಂಡೆ.

ಈ ಭಾನುವಾರ ನಮ್ಮ ಮೇಷ್ಟ್ರ ನಿಯಮ ಜಾರಿಗೆ ತಂದ್ವಿ. ಮೊದಲ ಹದಿನೈದು ನಿಮಿಷ ಡ್ರಿಬಲ್ ಇಲ್ಲ. ಎಲ್ಲರಿಗಿಂತ ಖುಷಿಪಟ್ಟಿದ್ದು ದಾವಣಗೆರೆ ಹುಡುಗನೇ. ಅವನ ಪಾಸ್ ಇಷ್ಟು ಚೆನ್ನಾಗಿದೆ ಅಂತ ಒಂದು ವರ್ಷದಲ್ಲಿ ನಮಗೆ ಗೊತ್ತೇ ಇರಲಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನವರ ಜೊತೆ ಮೂರು ಆಟ ಆಡಿ ಎರಡು ಸೋತ್ವಿ. ಒಂದು ಸಲ ಬಾಲು ನನ್ನ ಕೈಗೆ ಬಂದಾಗ ಎದುರಿಗೆ ಯಾರೂ ಇರಲಿಲ್ಲ, ಹೊಡೆದೆ, ರಿಂಗಿಗೂ ತಾಗಲಿಲ್ಲ. ಯಾರೂ ಬೈಯಲಿಲ್ಲ. ಮುಂದಿನ ಸಲ ಮತ್ತೆ ನನಗೇ ಕೊಟ್ಟರು.

ಆಟ ಮುಗಿದ ಮೇಲೆ ನನ್ನ ಕಾರಿನ ಡಿಕ್ಕಿ ತೆಗೆದೆ. ಶನಿವಾರವೇ ಹೋಗಿ ಒಂದು ಫ್ಲಾಸ್ಕ್ ತಂದಿದ್ದೆ. ಕಾಫಿ ಭಟ್ರದ್ದರ ಹಾಗಿರಲಿಲ್ಲ, ಡಿಕಾಕ್ಷನ್ ತೆಳ್ಳಗಾಗಿತ್ತು. ಆದರೂ ಎಂಟೂವರೆ ತನಕ ಯಾರೂ ಮನೆಗೆ ಹೊರಡಲಿಲ್ಲ. ಅಲ್ಲಿಂದಲೇ ಶಿರಸಿಗೆ ವಿಡಿಯೊ ಕಾಲ್ ಮಾಡಿದ್ವಿ. ಅಲ್ಲಿ ಸಂಜೆ, ಸಣ್ಣಗೆ ಮಳೆ. ಭಟ್ರು ಕಾಫಿ ಬಣ್ಣ ನೋಡಿಯೇ, "ಅದೆಂತ ಮಾರಾಯ, ನೀರಾ?" ಅಂದರು. ಬೆಂಗಳೂರಿನಲ್ಲಿ ಎರಡು ಕಡೆ ಇಂಟರ್ವ್ಯೂ ಇದೆಯಂತೆ. ಒಂದು ಕಂಪನಿಯಲ್ಲಿ ನಮ್ಮವನೊಬ್ಬನಿಗೆ ಪರಿಚಯ ಇದೆ. ಆ ನಂಬರು ಅಲ್ಲೇ, ಎಲ್ಲರೂ ನಿಂತಿರೋ ಹಾಗೇ, ಅವರಿಗೆ ಕಳಿಸಿದ್ವಿ.